ಮಂಚದ ಪಕ್ಕದ ಐನೂರ ಒಂದು ರೂಪಾಯಿ: ಒಂದು ಹೌಸ್‌ಕೀಪಿಂಗ್ ಪ್ರಕರಣ

ಮೈಸೂರಿನಲ್ಲಿ 48 ಕೋಣೆಗಳ ಒಂದು ಮಧ್ಯಮ ದರ್ಜೆಯ ಹೋಟೆಲು, ದಸರಾ ವಾರ. ಎರಡನೇ ಮಹಡಿಯ 214ರಲ್ಲಿ ದಾವಣಗೆರೆ ಕಡೆಯ ಕುಟುಂಬ ಇಳಿದಿದೆ: ಗಂಡ, ಹೆಂಡತಿ, ಗಂಡನ ತಾಯಿ, ಇಬ್ಬರು ಮಕ್ಕಳು. ಮಧ್ಯಾಹ್ನ ಮೃಗಾಲಯ ನೋಡಿಕೊಂಡು ವಾಪಸು ಬಂದರೆ ಕೋಣೆ ಥಳಥಳ ಅನ್ನುತ್ತಿದೆ. ಆದರೆ ಮಂಚದ ಪಕ್ಕದ ಟೇಬಲಿನ ಮೇಲಿಟ್ಟಿದ್ದ 501 ರೂಪಾಯಿಯಲ್ಲಿ 500ರ ನೋಟು ಮಾಯ. 1 ರೂಪಾಯಿ ನಾಣ್ಯ ಅಲ್ಲೇ ಇದೆ. ಅಜ್ಜಿ ರಾತ್ರಿ ಬಿಚ್ಚಿಟ್ಟಿದ್ದ ಒಂದು ಕಿವಿಯ ಓಲೆಯೂ ಸಿಗುತ್ತಿಲ್ಲ. ಅಜ್ಜಿಯ ಮಗ ರಿಸೆಪ್ಷನ್ನಿಗೆ ಇಳಿದು ಬಂದು ಹೇಳಿದ ಮಾತು: "ಐನೂರು ತಗೊಂಡು, ಒಂದು ರೂಪಾಯಿ ನಮಗ ಭಿಕ್ಷಾ ಹಾಕಿ ಹೋಗ್ಯಾರ."

ಇದು ಒಂದೇ ಹೋಟೆಲಿನಲ್ಲಿ ಒಂದೇ ದಿನ ನಡೆದ ಸಂಗತಿಯಲ್ಲ. ಈ ಕೆಲಸದಲ್ಲಿ ಮತ್ತೆ ಮತ್ತೆ ಆಗುವ ತಪ್ಪುಗಳನ್ನು ಒಂದು ಕೋಣೆಯೊಳಗೆ ಕೂಡಿಸಿ, ತರಬೇತಿಗೆಂದು ಹೆಣೆದ ಪ್ರಕರಣ. ಜನ ಕಲ್ಪಿತ, ಕೆಲಸದ ಕ್ರಮ ಮತ್ತು ಕಾನೂನು ಇದ್ದದ್ದೇ.

ಬೆಳಗಿನ ಪಟ್ಟಿ

ಕಳ್ಳತನದ ದೂರು ಬಂದಾಗ ಎಲ್ಲರೂ ಕೋಣೆಯಿಂದ ವಿಚಾರಣೆ ಶುರು ಮಾಡುತ್ತಾರೆ. ಈ ಪ್ರಕರಣವನ್ನು ಬೆಳಿಗ್ಗೆ 7:45ರ ಬ್ರೀಫಿಂಗಿನಿಂದ ಓದಬೇಕು.

ಎರಡನೇ ಮಹಡಿಯ ರೂಮ್ ಅಟೆಂಡೆಂಟ್ ಟಿ. ನರಸೀಪುರ ಕಡೆಯ 23ರ ಹುಡುಗ. ಅವನ ಕೈಗೆ ಬಂದ ಪಟ್ಟಿಯಲ್ಲಿ 15 ಕೋಣೆ: 9 ಆ ದಿನ ಖಾಲಿಯಾಗುವಂಥವು, 6 ಅತಿಥಿಗಳು ಮುಂದುವರಿಯುವಂಥವು. ಖಾಲಿಯಾದ ಕೋಣೆಯನ್ನು ಪೂರ್ತಿ ಮಾಡಲು ಸುಮಾರು 40 ನಿಮಿಷ ಬೇಕು. ಅತಿಥಿ ಇರುವ ಕೋಣೆಗೆ 22 ನಿಮಿಷ ಹಿಡಿಯೋಣ. ಒಂಬತ್ತು ನಲವತ್ತಲೆ 360, ಆರು ಇಪ್ಪತ್ತೆರಡಲೆ 132, ಒಟ್ಟು 492 ನಿಮಿಷ. ಪಾಳಿ ಇರುವುದು 480 ನಿಮಿಷ. ಅದರಲ್ಲಿ ಊಟಕ್ಕೆ 30, ಬ್ರೀಫಿಂಗಿಗೂ ಟ್ರಾಲಿ ತುಂಬುವುದಕ್ಕೂ 30 ಕಳೆದರೆ ಉಳಿಯುವುದು 420. ಅಂದರೆ ಬಾಗಿಲು ತಟ್ಟುವ ಮೊದಲೇ ಹುಡುಗ 72 ನಿಮಿಷ ಹಿಂದೆ ಬಿದ್ದಿದ್ದಾನೆ. ಈ 72 ನಿಮಿಷವನ್ನು ಅವನು ಎಲ್ಲಿಂದಲೋ ಕದಿಯಲೇಬೇಕು. ಕೋಣೆಗೆ ಐದೈದು ನಿಮಿಷ ಕಡಿತವಾಗುತ್ತದೆ, ಮೊದಲು ಕತ್ತರಿ ಬೀಳುವುದು ಕೇಳಿ ಖಚಿತಪಡಿಸಿಕೊಳ್ಳುವ ಕೆಲಸಕ್ಕೆ. ಧೂಳು ಬಿಟ್ಟರೆ ಸೂಪರ್‌ವೈಸರ್ ಕಣ್ಣಿಗೆ ಬೀಳುತ್ತದೆ, ಫೋನು ಮಾಡದೆ ಬಿಟ್ಟರೆ ಯಾರ ಕಣ್ಣಿಗೂ ಬೀಳುವುದಿಲ್ಲ.

214 ಆ ಪಟ್ಟಿಯಲ್ಲಿ ಖಾಲಿಯಾಗುವ ಕೋಣೆ. ಆದರೆ 9:10ಕ್ಕೆ ಮಗ ರಿಸೆಪ್ಷನ್ನಿನಲ್ಲಿ ಇನ್ನೊಂದು ರಾತ್ರಿಗೆ ಮುಂದುವರಿಸಿಕೊಂಡಿದ್ದ. ಮುಂಗಡ ತೆಗೆದುಕೊಂಡರು, ಕೀ ಕಾರ್ಡಿಗೆ ಹೊಸ ಅವಧಿ ಬರೆದು ಕೊಟ್ಟರು, ಕಂಪ್ಯೂಟರಿನಲ್ಲಿ ದಿನಾಂಕ ತಿದ್ದಿದರು. ಕೋಣೆಗಳ ಪಟ್ಟಿ ನೋಡಿಕೊಳ್ಳುವ ಹೌಸ್‌ಕೀಪಿಂಗ್ ಕಂಟ್ರೋಲ್ ಡೆಸ್ಕಿಗೆ ಹೇಳಲಿಲ್ಲ. ಹುಡುಗನ ಕೈಯಲ್ಲಿದ್ದದ್ದು 7:30ಕ್ಕೆ ಮುದ್ರಿಸಿದ ಕಾಗದ. ಕಂಪ್ಯೂಟರಿನಲ್ಲಿ ತಿದ್ದಿದರೆ ಕಾಗದ ತಾನಾಗಿ ತಿದ್ದಿಕೊಳ್ಳುವುದಿಲ್ಲ. ಅರ್ಧ ನಿಮಿಷದ ಆ ಫೋನು ಹೋಗಿದ್ದರೆ ಇವನಿಗೆ 18 ನಿಮಿಷ ಉಳಿಯುತ್ತಿತ್ತು. ನೋಟೂ ಉಳಿಯುತ್ತಿತ್ತು, ಓಲೆಯೂ ಕೋಣೆಯಲ್ಲೇ ಇರುತ್ತಿತ್ತು. ಹೇಗೆ ಎಂಬುದು ಮುಂದೆ.

ಕೋಣೆಯೊಳಗೆ

ಅವನು ಮಾಡಿದ ಬಹುಪಾಲು ಕೆಲಸ ಸರಿಯಾಗಿಯೇ ಇತ್ತು. ಬೆರಳ ಗೆಣ್ಣಿನಿಂದ ಮೂರು ಸಲ ತಟ್ಟಿ "ಹೌಸ್‌ಕೀಪಿಂಗ್" ಎಂದ, ಕಾದ, ಮತ್ತೆ ತಟ್ಟಿದ, ಬಾಗಿಲನ್ನು ಸ್ವಲ್ಪವೇ ತೆರೆದು ಇನ್ನೊಮ್ಮೆ ಕೂಗಿ ಒಳಗೆ ಹೋದ. ಟ್ರಾಲಿಯನ್ನು ಬಾಗಿಲಿಗೆ ಅಡ್ಡ ನಿಲ್ಲಿಸಿದ, ಬಾಗಿಲು ತೆರೆದೇ ಇತ್ತು. ಪರದೆ ಸರಿಸಿ ಕಸದ ಬುಟ್ಟಿ ಖಾಲಿ ಮಾಡಿದ. ಬುಟ್ಟಿಯ ಹೊರಗೆ ಬಿದ್ದಿದ್ದ ಔಷಧಿ ಚೀಟಿಯನ್ನು ಎಸೆಯದೆ ಟೇಬಲಿನ ಮೇಲಿಟ್ಟ. ಬುಟ್ಟಿಯಲ್ಲಿ ಇಲ್ಲದ್ದು ಕಸವಲ್ಲ ಅನ್ನುವ ಪಾಠ ಅವನಿಗೆ ಗೊತ್ತಿತ್ತು.

ಎಡವಿದ್ದು ಎರಡು ಕಡೆ. ಪಟ್ಟಿ ಖಾಲಿಯಾಗುವ ಕೋಣೆ ಅನ್ನುತ್ತಿದೆ, ಕೋಣೆಯಲ್ಲಿ ಮೂರು ಬ್ಯಾಗು ಇವೆ. ಇಂಥಲ್ಲಿ ಕಂಟ್ರೋಲ್ ಡೆಸ್ಕಿಗೆ ಫೋನು ಮಾಡಿ "ಲಗೇಜ್ ಇದೆ, ಚೆಕ್‌ಔಟ್ ಆಗಿದೆಯಾ?" ಎಂದು ಕೇಳದೆ ಹಾಸಿಗೆ ಮುಟ್ಟಬಾರದು. ಬ್ಯಾಗುಗಳ ಜಿಪ್ ಎಳೆದು ಬೀರುವಿನ ಪಕ್ಕ ಸಾಲಾಗಿ ನಿಲ್ಲಿಸಿದ್ದರು. ಊಟ ಮಾಡಿ ಬಂದು ಎತ್ತಿಕೊಂಡು ಹೋಗುತ್ತಾರೆ ಎಂದುಕೊಂಡ. ದಸರಾ ನೂಕುನುಗ್ಗಲಿನಲ್ಲಿ ಹೀಗೆ ಮುಂಚಿತವಾಗಿ ಮಾಡಿಟ್ಟುಕೊಳ್ಳಲು ಸೂಪರ್‌ವೈಸರೇ ಬಾಯಿಮಾತಿನಲ್ಲಿ ಒಪ್ಪಿದ್ದರು. ಹಾಗಾಗಿ ಹಾಸಿಗೆಯನ್ನು ಪೂರ್ತಿ ಬಿಚ್ಚಿದ. ಈ ಹೋಟೆಲಿನಲ್ಲಿ ಉಳಿದುಕೊಳ್ಳುವ ಅತಿಥಿಗೆ ಬೆಡ್‌ಶೀಟ್ ಬದಲಿಸುವುದು ದಿನ ಬಿಟ್ಟು ದಿನ, ಹಿಂದಿನ ದಿನವಷ್ಟೇ ಬದಲಿಸಿಯಾಗಿತ್ತು. ಪಟ್ಟಿ ಸರಿ ಇದ್ದಿದ್ದರೆ ಆ ದಿನ ಹಾಸಿಗೆ ಸರಿಪಡಿಸುವುದಷ್ಟೇ ಕೆಲಸ.

ಎರಡನೆಯದು ನೋಟು. ಮಂಚದ ಪಕ್ಕದ ಟೇಬಲಿನಲ್ಲಿ ಹೋಟೆಲಿನ ನೋಟ್‌ಪ್ಯಾಡ್, ಅದರ ಮೇಲೆ 500ರ ನೋಟು, ಫ್ಯಾನಿಗೆ ಹಾರದಂತೆ ಅದರ ಮೇಲೆ 1 ರೂಪಾಯಿ ನಾಣ್ಯ. ಅವನಿಗೆ ಇದು ಟಿಪ್ಸ್ ಎಂದು ತೋರಲು ಮೂರು ಕಾರಣ ಇದ್ದವು. ಕೋಣೆ ಖಾಲಿಯಾಗುತ್ತಿದೆ ಎಂದು ಪಟ್ಟಿ ಹೇಳುತ್ತಿತ್ತು. ಹಿಂದಿನ ರಾತ್ರಿ ಅಜ್ಜಿಗೆ ಎರಡು ಸಲ ಫ್ಲಾಸ್ಕಿನಲ್ಲಿ ಬಿಸಿನೀರು, ಹೆಚ್ಚುವರಿ ಹಾಸಿಗೆ, ಕಾಲ ಕೆಳಗಿಡಲು ದಿಂಬು ತಂದುಕೊಟ್ಟಿದ್ದ. ಆಗ ಮಗ "ಹೋಗೋವಾಗ ನೋಡ್ಕೋತೀವಿ ತಮ್ಮಾ" ಅಂದಿದ್ದ. ಮೂರನೆಯದು ಹಳೆಯ ಅಭ್ಯಾಸ: ಇದಕ್ಕೆ ಮುಂಚೆ ಅವನು ಕೆಲಸ ಮಾಡಿದ್ದು ಗೋಕುಲಂ ಕಡೆ, ಯೋಗ ಕಲಿಯಲು ಬಂದು ತಿಂಗಳುಗಟ್ಟಲೆ ಇರುವ ವಿದೇಶಿಯರ ಮನೆಗಳಲ್ಲಿ. ಅವರಲ್ಲಿ ಅನೇಕರು ಟಿಪ್ಸನ್ನು ಕೈಗೆ ಕೊಡುವುದಿಲ್ಲ, ಮಂಚದ ಪಕ್ಕ ಇಟ್ಟು ಹೋಗುತ್ತಾರೆ. ಅಲ್ಲಿ ಟೇಬಲಿನ ಮೇಲಿನ ನೋಟು ಎಂದರೆ ನಿನಗೇ ಎಂದರ್ಥ.

ನಾಣ್ಯ ಯಾಕೆ ಬಿಟ್ಟೆ ಎಂದರೆ "ಅದು ಜೇಬಿಂದ ಬಿದ್ದಿದ್ದಿರಬೇಕು ಅನ್ಕೊಂಡೆ ಸಾರ್" ಎಂದ. ಆ ನಾಣ್ಯವೇ ಅವನಿಗೆ ಗುಟ್ಟು ಹೇಳಬೇಕಿತ್ತು. ನಮ್ಮ ಕಡೆ 51, 101, 501 ಎಂದು ಒಂದು ರೂಪಾಯಿ ಸೇರಿಸಿದ ದುಡ್ಡು ಖರ್ಚಿನ ದುಡ್ಡಲ್ಲ; ಕಾಣಿಕೆಯೋ, ಮುಯ್ಯಿಯೋ, ಮುಡಿಪೋ, ಯಾವುದೋ ಕಾರ್ಯಕ್ಕೆ ಎತ್ತಿಟ್ಟದ್ದು. ಅಜ್ಜಿ ಅದನ್ನು ಮರುದಿನ ಚಾಮುಂಡಿ ಬೆಟ್ಟದ ಹುಂಡಿಗೆಂದು ಸ್ನಾನ ಮಾಡಿ ತೆಗೆದಿಟ್ಟಿದ್ದರು. ಮೊತ್ತ ಐನೂರೇ ಆದರೂ ಅವರ ಲೆಕ್ಕದಲ್ಲಿ ಹೋದದ್ದು ದೇವರ ದುಡ್ಡು. ದೂರಿನ ಕಾವು ಅಷ್ಟೇಕೆ ಏರಿತು ಎಂಬುದು ಇದನ್ನು ಬಿಟ್ಟರೆ ಅರ್ಥವಾಗುವುದಿಲ್ಲ. ನೋಟು ಎತ್ತಿ ನಾಣ್ಯ ಬಿಟ್ಟದ್ದು ಅವರಿಗೆ ಅಣಕದಂತೆ ಕಂಡಿತು.

ಮೊದಲ ಇಪ್ಪತ್ತು ನಿಮಿಷ

ಡ್ಯೂಟಿ ಮ್ಯಾನೇಜರ್ ಮಾಡಿದ್ದು, ಒಳ್ಳೆಯ ಉದ್ದೇಶದಿಂದಲೇ ಆದರೂ, ಬಹುಮಟ್ಟಿಗೆ ಮಾಡಬಾರದ್ದು. ಹುಡುಗನನ್ನು 214ರ ಬಾಗಿಲಿಗೇ ಕರೆಸಿ, ಕುಟುಂಬದ ಎದುರಿಗೆ ಕಾರಿಡಾರಿನಲ್ಲಿ ಕೇಳಿದರು: "ಇಲ್ಲಿ ದುಡ್ಡು ತಗೊಂಡ್ಯಾ?"

ಹುಡುಗ "ಇಲ್ಲ ಸಾರ್, ನೋಡೇ ಇಲ್ಲ" ಅಂದ.

ಆ ಕ್ಷಣದಿಂದ ಇದು ತಪ್ಪು ತಿಳಿವಳಿಕೆಯ ಪ್ರಕರಣವಾಗಿ ಉಳಿಯಲಿಲ್ಲ. ಟಿಪ್ಸ್ ಎಂದು ತಿಳಿದು ಎತ್ತಿಕೊಂಡವನು ಹತ್ತು ನಿಮಿಷದ ನಂತರ ಅದನ್ನೇ ಹೇಳಿದರೂ ನಂಬುವವರು ಕಡಿಮೆ, ಏಕೆಂದರೆ ಮೊದಲು ನೋಡೇ ಇಲ್ಲ ಅಂದಿದ್ದಾನೆ. ಭಯಕ್ಕೆ ಬಾಯಿಂದ ಬಿದ್ದ ಸುಳ್ಳನ್ನು ಪ್ರಶ್ನೆಯೇ ಹೊರಗೆಳೆಯಿತು. ಹೌದು ಇಲ್ಲ ಎಂದು ಮುಗಿಯುವ ಪ್ರಶ್ನೆಯನ್ನು, ಅದೂ ದೂರುದಾರರ ಮುಂದೆ, ಕೇಳಿದರೆ ಸಿಗುವುದು "ಇಲ್ಲ" ಒಂದೇ. ಕೇಳಬೇಕಾದದ್ದು ಆಫೀಸಿನಲ್ಲಿ, ಕೂರಿಸಿ, ಹೌಸ್‌ಕೀಪಿಂಗ್ ಮೇಲ್ವಿಚಾರಕಿಯ ಸಮ್ಮುಖದಲ್ಲಿ: "214ರ ಬಾಗಿಲು ತಟ್ಟಿದಾಗಿನಿಂದ ಒಂದೊಂದೇ ಹೇಳು. ಯಾವ ಕಡೆಯಿಂದ ಶುರು ಮಾಡಿದೆ? ಮಂಚದ ಪಕ್ಕದ ಟೇಬಲ್ ಮೇಲೆ ಏನೇನಿತ್ತು? ಅದನ್ನೆಲ್ಲ ಎಲ್ಲಿಟ್ಟೆ?" ಹೀಗೆ ಕೇಳಿದರೆ ನೋಟಿನ ಮಾತು ನಡುವೆ ತಾನಾಗಿ ಬರುತ್ತದೆ. ಕೊನೆಗೆ ಬಂದದ್ದೂ ಹಾಗೆಯೇ, ಮೇಲ್ವಿಚಾರಕಿ ಅವನನ್ನು ಬೆಡ್‌ಶೀಟ್, ಟವೆಲು ಇಡುವ ಲಿನನ್ ರೂಮಿಗೆ ಕರೆದುಕೊಂಡು ಹೋಗಿ ನೀರು ಕೊಟ್ಟು ಕೇಳಿದಾಗ. ಐನೂರು ಅವನ ಯೂನಿಫಾರ್ಮ್ ಜೇಬಿನಲ್ಲೇ ಇತ್ತು.

ಇನ್ನೊಂದು ತಪ್ಪೂ ಆಗುವುದರಲ್ಲಿತ್ತು. "ಅವನ ಬ್ಯಾಗು, ಲಾಕರು ಈಗಲೇ ನಮ್ಮೆದುರು ತೆಗೆಸಿ" ಎಂದು ಮಗ ಪಟ್ಟು ಹಿಡಿದ. ಸಿಬ್ಬಂದಿಯ ಲಾಕರ್ ಪರಿಶೀಲನೆ ಸೆಕ್ಯುರಿಟಿ ಮತ್ತು ಆ ಸಿಬ್ಬಂದಿ ಇಬ್ಬರೂ ಇದ್ದು, ಬರವಣಿಗೆಯಲ್ಲಿ ಆಗಬೇಕಾದ ಕೆಲಸ. ಅತಿಥಿಯ ಮುಂದೆ ಅಲ್ಲ. ಪೊಲೀಸರಿಗೆ ದೂರು ಕೊಡುವ ಹಕ್ಕು ಅತಿಥಿಗಿದೆ, ಕೊಡುತ್ತೇವೆ ಅಂದರೆ ತಡೆಯಕೂಡದು, ಹುಡುಕಾಟ ಮುಗಿಯುವವರೆಗೆ ಕೋಣೆಯನ್ನು ಹಾಗೇ ಬಿಡಬೇಕು. ಇಷ್ಟನ್ನು ಮೇಲ್ವಿಚಾರಕಿಯೇ ನಿಂತು ಹೇಳಿದರು.

ಬೀಗದ ಗಡಿಯಾರ ಹನ್ನೊಂದು ನಿಮಿಷ ಮುಂದೆ

ಕಾರ್ಡ್ ಬೀಗಗಳು ತಮ್ಮನ್ನು ಯಾವ ಕಾರ್ಡು ಎಷ್ಟು ಹೊತ್ತಿಗೆ ತೆರೆಯಿತು ಎಂದು ನೆನಪಿಟ್ಟುಕೊಂಡಿರುತ್ತವೆ. ಕೈಯಲ್ಲಿ ಹಿಡಿಯುವ ಒಂದು ಉಪಕರಣ ಜೋಡಿಸಿ ಅದನ್ನು ಓದಬಹುದು. 214ರ ಬೀಗ ಕೊಟ್ಟ ಲೆಕ್ಕ: ಫ್ಲೋರ್ ಕೀ (ಮಹಡಿಯ ಕೋಣೆಗಳನ್ನೆಲ್ಲ ತೆರೆಯುವ, ಅಟೆಂಡೆಂಟ್ ಬಳಿಯ ಕಾರ್ಡು) 10:52ಕ್ಕೆ, ಮತ್ತೆ ಫ್ಲೋರ್ ಕೀ 11:25ಕ್ಕೆ, ಆಮೇಲೆ ಅತಿಥಿಯ ಕೀ 13:51ಕ್ಕೆ.

ಸೆಕ್ಯುರಿಟಿಯವರು ಕಾರಿಡಾರಿನ ಸಿಸಿಟಿವಿಯಲ್ಲಿ 11:25ಕ್ಕೆ ಹೋಗಿ ನೋಡಿದರು. ಬಾಗಿಲ ಮುಂದೆ ಯಾರೂ ಇಲ್ಲ. ಹಾಗಾದರೆ ಆ ಕಾರ್ಡು ಬೇರೆ ಯಾರ ಕೈಯಲ್ಲಿತ್ತು? ಎರಡನೇ ಕಾರ್ಡೇ ಇದೆಯೇ? ಅರ್ಧ ಗಂಟೆ ಈ ಗೊಂದಲದಲ್ಲಿ ಹೋಯಿತು.

ಇಂಥ ಬೀಗ ಪ್ರತಿಯೊಂದಕ್ಕೂ ತನ್ನದೇ ಬ್ಯಾಟರಿ, ತನ್ನದೇ ಗಡಿಯಾರ. ಬ್ಯಾಟರಿ ಬದಲಿಸಿದಾಗ ಸಮಯ ಸರಿಯಾಗಿ ಕೂರಿಸದಿದ್ದರೆ, ಇಲ್ಲವೇ ವರ್ಷಗಟ್ಟಲೆ ತಿದ್ದದಿದ್ದರೆ, ಹಿಂದೆ ಮುಂದೆ ಆಗುತ್ತದೆ. ಅದಕ್ಕೇ ಲೆಕ್ಕ ಓದುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಬೇಕು: ಕಾರ್ಡ್ ಹಾಕಿ ಬಾಗಿಲು ತೆರೆಯಿರಿ, ಮೊಬೈಲಿನ ಸಮಯ ಬರೆದುಕೊಳ್ಳಿ, ಬೀಗದ ಲೆಕ್ಕದಲ್ಲಿ ಅದೇ ತೆರೆತ ಎಷ್ಟಕ್ಕೆ ದಾಖಲಾಗಿದೆ ನೋಡಿ. ಇಲ್ಲಿ ಮೊಬೈಲಿನಲ್ಲಿ 14:18, ಬೀಗದಲ್ಲಿ 14:29. ವ್ಯತ್ಯಾಸ 11 ನಿಮಿಷ. ಸಿಸಿಟಿವಿ ಗಡಿಯಾರವನ್ನೂ ಹಾಗೆಯೇ ಮೊಬೈಲಿಗೆ ಹೋಲಿಸಿದರು, ಅದು ಸರಿ ಇತ್ತು. ಈಗ 11:25 ಎಂದರೆ 11:14. ಆ ಹೊತ್ತಿಗೆ ಹುಡುಗ ಪ್ಯಾಂಟ್ರಿಯಿಂದ, ಅಂದರೆ ಮಹಡಿಯ ಸಾಮಾನಿನ ಕೋಣೆಯಿಂದ, ದಿಂಬಿನ ಕವರ್ ಹಿಡಿದು ವಾಪಸು ಬರುತ್ತಿರುವುದು ಕಾಣುತ್ತದೆ. ಹೊರಗೆ ಹೋಗುವಾಗ ಬಾಗಿಲು ಎಳೆದುಕೊಂಡು ಹೋಗಿದ್ದ, ನಿಯಮವೂ ಅದೇ. ಕುಟುಂಬ ಹೊರಟದ್ದು 10:34, ಅವನು ಮೊದಲು ಒಳಗೆ ಹೋದದ್ದು 10:41, ಅವರು ಮರಳಿದ್ದು 13:40. ನಡುವೆ ಬೇರಾವ ಕಾರ್ಡೂ ಇಲ್ಲ. ತಾನು ನಿಯಮ ಪಾಲಿಸಿದ್ದಕ್ಕೇ ಹುಡುಗ ಅರ್ಧ ಗಂಟೆ ಕಳ್ಳನಾಗಿದ್ದ.

ಓಲೆ

ನಂಬಿಕೆ ಒಂದು ಕಡೆ ಬಿರುಕು ಬಿಟ್ಟರೆ ಸಿಗದಿದ್ದದ್ದೆಲ್ಲ ಅದೇ ಖಾತೆಗೆ ಬೀಳುತ್ತದೆ. ಕಾಣಿಕೆ ಹೋದದ್ದು ಗೊತ್ತಾದ ಮೇಲೆಯೇ ಓಲೆಯ ನೆನಪಾದದ್ದು. ನೋಟು ಎತ್ತಿದವನೇ ಓಲೆಯನ್ನೂ ಎತ್ತಿರಬೇಕು ಎಂಬುದು ಸಹಜ ತೀರ್ಮಾನ. ಅನುಭವ ಇರುವ ಮೇಲ್ವಿಚಾರಕರು ಒಡವೆಯ ದೂರಿಗೆ ಮೊದಲು ನೋಡುವುದು ಮನುಷ್ಯರನ್ನಲ್ಲ, ಲಿನನ್ ಚೀಲವನ್ನು.

ಮೊದಲ ಪ್ರಶ್ನೆ: ಈ ಮಹಡಿಯ ಕೊಳೆ ಬಟ್ಟೆ ಈಗ ಎಲ್ಲಿದೆ? ಈ ಹೋಟೆಲಿನ ಲಾಂಡ್ರಿ ಹೊರಗಡೆಯದು, ವ್ಯಾನು ಬರುವುದು 3 ಗಂಟೆಗೆ. ಎರಡನೇ ಮಹಡಿಯ ಚೀಲಗಳನ್ನು ತಕ್ಷಣ ತಡೆದರು. ಲಿನನ್ ರೂಮಿನ ನೆಲದ ಮೇಲೆ ಒಂದು ಬಿಳಿ ಬೆಡ್‌ಶೀಟ್ ಹಾಸಿ ಒಂದೊಂದೇ ಬಟ್ಟೆಯನ್ನು ಅದರ ಮೇಲೆ ಮೆಲ್ಲಗೆ ಕೊಡವಿದರು. ಎತ್ತಿ ಝಾಡಿಸಬಾರದು, ಸಣ್ಣ ವಸ್ತು ಹಾರಿ ರ‍್ಯಾಕಿನ ಅಡಿಗೆ ಹೋಗುತ್ತದೆ. ದಿಂಬಿನ ಕವರನ್ನು ಪೂರ್ತಿ ಒಳಮಗ್ಗುಲು ತಿರುಗಿಸಿ ಮೂಲೆಗಳನ್ನು ಬೆರಳಿನಿಂದ ಒತ್ತಿ ನೋಡಬೇಕು. ಜೊತೆಗೆ ವ್ಯಾಕ್ಯೂಮಿನ ಚೀಲವನ್ನು ಪತ್ರಿಕೆಯ ಮೇಲೆ ಸುರಿದು ನೋಡುವುದು. ಕೋಣೆಯಲ್ಲಿ ಹಾಸಿಗೆಗೂ ತಲೆಹಲಗೆಗೂ ನಡುವಿನ ಸಂದಿ, ಸೋಫಾದ ಮಡಿಕೆ. ಬಾತ್‌ರೂಮಿನಲ್ಲಿ ವಾಶ್‌ಬೇಸಿನ್ನಿನ ಕೆಳಗೆ ಬಕೆಟ್ ಇಟ್ಟು, ನೀರು ನಿಲ್ಲುವ ಬಾಟಲಿಯಂಥ ಟ್ರ್ಯಾಪನ್ನು ಕೈಯಿಂದ ತಿರುಗಿಸಿ ಬಿಚ್ಚಬಹುದು. ಓಲೆಯ ತಿರುಪು, ಮೂಗುಬೊಟ್ಟು ಸಿಗುವ ಜಾಗ ಅದು. ಮತ್ತು ಬಿಚ್ಚುವವರೆಗೆ ಯಾರೂ ನಲ್ಲಿ ತಿರುಗಿಸಬಾರದು.

ಓಲೆ ಸಿಕ್ಕಿದ್ದು 14:35ಕ್ಕೆ, ಮೂರನೇ ಚೀಲದ ಒಂದು ದಿಂಬಿನ ಕವರಿನ ಒಳಮಡಿಕೆಯಲ್ಲಿ. ಮಗ್ಗುಲಾಗಿ ಮಲಗಿದರೆ ಒತ್ತುತ್ತದೆ ಎಂದು ಅಜ್ಜಿ ಒಂದನ್ನು ಬಿಚ್ಚಿ ದಿಂಬಿನಡಿ ಇಟ್ಟಿದ್ದರು, ರಾತ್ರಿ ಹೊರಳಾಟದಲ್ಲಿ ಅದು ಕವರಿನ ಬಾಯಿಯೊಳಗೆ ಸೇರಿತ್ತು. ಇನ್ನು 25 ನಿಮಿಷ ತಡವಾಗಿದ್ದರೆ ಊರಿನ ಇನ್ನೊಂದು ತುದಿಯ ಲಾಂಡ್ರಿಯಲ್ಲಿ, ಬೇರೆ ಹೋಟೆಲುಗಳ ಬಟ್ಟೆಯ ಜೊತೆ ಸೇರಿ ಹೋಗುತ್ತಿತ್ತು. ಆಗ ಹುಡುಗನ ಕೆಲಸವೂ ಹೋಗುತ್ತಿತ್ತು, ಬಹುಶಃ ಪೊಲೀಸ್ ಠಾಣೆಯನ್ನೂ ಕಾಣುತ್ತಿದ್ದ.

ಸಿಕ್ಕಿದ್ದನ್ನು ಹಾಗೇ ಓಡಿ ಹೋಗಿ ಕೊಟ್ಟುಬಿಡುವ ಆಸೆ ಎಲ್ಲರಿಗೂ. ಮೊದಲು ಲಾಸ್ಟ್ ಅಂಡ್ ಫೌಂಡ್ ರಿಜಿಸ್ಟರಿನಲ್ಲಿ ದಾಖಲಾಗಬೇಕು: ದಿನಾಂಕ, ಸಮಯ, ಯಾವ ಕೋಣೆಯ ಬಟ್ಟೆಯಲ್ಲಿ, ಯಾರಿಗೆ ಸಿಕ್ಕಿತು, ಎದುರಿಗೆ ಯಾರಿದ್ದರು. ವಿವರದಲ್ಲಿ "ಚಿನ್ನದ ಓಲೆ" ಎಂದು ಬರೆಯಬೇಡಿ. "ಹಳದಿ ಲೋಹದ, ಕೆಂಪು ಕಲ್ಲಿನ ಓಲೆ ಒಂದು, ತಿರುಪು ಸಹಿತ" ಎಂದು ಬರೆಯಬೇಕು. ಅದು ಚಿನ್ನವೋ ಅಲ್ಲವೋ ಎಂದು ಹೋಟೆಲು ಪ್ರಮಾಣ ಮಾಡಲಾಗದು. ನಾಳೆ "ನನ್ನದು ಚಿನ್ನದ್ದಿತ್ತು, ನೀವು ಬದಲಿಸಿ ಕೊಟ್ಟಿರಿ" ಎಂಬ ಮಾತು ಬಂದರೆ ಆ ಒಂದು ಪದವೇ ಉರುಳಾಗುತ್ತದೆ. ಪಡೆದವರ ಸಹಿಯೂ ಬೇಕು. ಅಜ್ಜಿ ಹೆಬ್ಬೆಟ್ಟು ಒತ್ತಿದರು.

ಕದ್ದದ್ದೇ?

ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 303ರ ಪ್ರಕಾರ ಕಳ್ಳತನವಾಗಲು ವಸ್ತು ಎತ್ತಿದರೆ ಸಾಲದು, ಅಪ್ರಾಮಾಣಿಕ ಉದ್ದೇಶ ಇರಬೇಕು. ತನಗೆ ಕೊಟ್ಟದ್ದೇ ಎಂದು ನಿಜವಾಗಿ ನಂಬಿ ಎತ್ತಿದವನಲ್ಲಿ ಅದಿಲ್ಲ. ಆದರೆ ಆ ನಂಬಿಕೆ ನಿಜವಾಗಿತ್ತು ಎಂದು ತೋರಿಸಲು ಅವನ ಬಳಿ ಇರುವುದು ನಡತೆಯೊಂದೇ: ನೋಟು ಅಡಗಿಸಿಟ್ಟನೇ, ಕೇಳಿದಾಗ ಏನೆಂದ? ಕಾರಿಡಾರಿನ "ನೋಡೇ ಇಲ್ಲ" ಇಷ್ಟು ದುಬಾರಿಯಾದದ್ದು ಇದಕ್ಕೇ. ಅವನ ಪರವಾಗಿ ನಿಂತದ್ದು ಪಟ್ಟಿ. 214 ಖಾಲಿಯಾಗುವ ಕೋಣೆ ಎಂದು ಅಚ್ಚಾಗಿದ್ದ 7:30ರ ಕಾಗದ ಟ್ರಾಲಿಯಲ್ಲಿ ಹಾಗೇ ಇತ್ತು. ಪಾಳಿ ಮುಗಿದ ಮೇಲೆ ಈ ಕಾಗದಗಳನ್ನು ಎಸೆಯುವ ಹೋಟೆಲುಗಳು ತಮ್ಮ ಸಿಬ್ಬಂದಿಯ ಸಾಕ್ಷಿಯನ್ನೇ ಎಸೆಯುತ್ತವೆ.

"ಬೆಲೆಬಾಳುವ ವಸ್ತುಗಳಿಗೆ ಹೋಟೆಲು ಜವಾಬ್ದಾರಿಯಲ್ಲ" ಎಂದು ಬಾಗಿಲ ಹಿಂದೆ ಅಂಟಿಸಿದ ಫಲಕವನ್ನು ಡ್ಯೂಟಿ ಮ್ಯಾನೇಜರ್ ಒಮ್ಮೆ ತೋರಿಸಿದರು. ಆ ಫಲಕದ ಮೇಲೆ ಬಹಳ ಭಾರ ಹಾಕಬಾರದು. ದೆಹಲಿಯ ತಾಜ್ ಮಹಲ್ ಹೋಟೆಲಿನಲ್ಲಿ 1998ರಲ್ಲಿ ಪಾರ್ಕ್ ಮಾಡಲೆಂದು ವ್ಯಾಲೆ ಸಿಬ್ಬಂದಿಗೆ ಕೊಟ್ಟ ಮಾರುತಿ ಝೆನ್ ಕಾರು ಕಳುವಾದ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ 2019ರಲ್ಲಿ, ಪಾರ್ಕಿಂಗ್ ಚೀಟಿಯಲ್ಲಿ ಮಾಲೀಕರದೇ ಹೊಣೆ ಎಂದು ಅಚ್ಚು ಹಾಕಿದ ಮಾತ್ರಕ್ಕೆ ಹೋಟೆಲು ತನ್ನ ನಿರ್ಲಕ್ಷ್ಯದಿಂದ ತಪ್ಪಿಸಿಕೊಳ್ಳಲಾಗದು ಎಂದಿತು. ಅದು ಕೈಗೆ ಒಪ್ಪಿಸಿದ ವಾಹನದ ಮಾತು, ಟೇಬಲಿನ ಮೇಲೆ ಬಿಟ್ಟ ನೋಟಿಗೆ ನೇರವಾಗಿ ಹೊಂದುವುದಿಲ್ಲ. ಆದರೆ ಇಲ್ಲಿ ಮರೆವು ರಿಸೆಪ್ಷನ್ನಿನದು, ಫಲಕ ಅದನ್ನು ಮುಚ್ಚಲಾರದು. ಕೊನೆಗೆ ಮೇಲ್ವಿಚಾರಕಿ ಕುಟುಂಬಕ್ಕೆ ಹೇಳಿದ್ದು ನೇರ ಮಾತು: "ನೀವು ಇನ್ನೊಂದು ದಿನ ಇರ್ತೀರಿ ಅಂತ ಕೆಳಗೆ ಹೇಳಿದ್ದು ನಮ್ಮ ಹುಡುಗನಿಗೆ ಮುಟ್ಟಲಿಲ್ಲ. ನೀವು ಹೊರಟ್ರಿ, ತನಗೆ ಇಟ್ಟಿದ್ದೀರಿ ಅಂತ ತಿಳ್ಕೊಂಡ. ಕೇಳಿದಾಗ ಹೆದರಿ ಸುಳ್ಳು ಹೇಳಿದ, ಅದು ಅವನ ತಪ್ಪು." ನೋಟನ್ನು ಹೋಟೆಲಿನ ಪರವಾಗಿ ಅವರೇ ಕೊಟ್ಟರು, ಹುಡುಗನ ಕೈಯಿಂದ ಕೊಡಿಸಲಿಲ್ಲ. ಉಚಿತ ಊಟ, ರಿಯಾಯಿತಿ ಮೊದಲೇ ಚಾಚಲಿಲ್ಲ. ವಿಷಯ ಗೊತ್ತಾಗುವ ಮೊದಲೇ ಪರಿಹಾರ ಚಾಚಿದರೆ ಬಾಯಿ ಮುಚ್ಚಿಸುತ್ತಿದ್ದಾರೆ ಎಂದೇ ಅತಿಥಿಗೆ ಅನ್ನಿಸುತ್ತದೆ.

ಅವನ ಸಂಬಳದಿಂದ ದಂಡ ಹಿಡಿಯೋಣ ಎಂಬ ಸಲಹೆಯೂ ಬಂತು. ವಿವರಣೆ ಕೇಳದೆ ಸಂಬಳಕ್ಕೆ ಕೈಹಾಕುವುದನ್ನು 1936ರ ವೇತನ ಪಾವತಿ ಕಾಯಿದೆಯ ಕಾಲದಿಂದಲೂ ಕಾನೂನು ಒಪ್ಪುವುದಿಲ್ಲ. ಸುಳ್ಳು ಹೇಳಿದ್ದಕ್ಕೆ ಲಿಖಿತ ಎಚ್ಚರಿಕೆ ಕೊಟ್ಟರು. ಪಟ್ಟಿ ತಿದ್ದಿಸದ ರಿಸೆಪ್ಷನ್ನಿನವರಿಗೂ ಅದೇ ಭಾಷೆಯ ಎಚ್ಚರಿಕೆ ಹೋಯಿತು. ಎರಡನೆಯದು ಇಲ್ಲದಿದ್ದರೆ ಮೊದಲನೆಯದು ಅನ್ಯಾಯ.

ಮಾತಿಲ್ಲದ ದುಡ್ಡು

ಇಡೀ ಪ್ರಕರಣದ ಗಂಟು ಇಲ್ಲಿದೆ. ನಮ್ಮಲ್ಲಿ ಟಿಪ್ಸ್ ಕೊಡುವುದು ಕೈಯಿಂದ ಕೈಗೆ, ಒಂದು ಮಾತಿನ ಜೊತೆ: "ತಗೋಪ್ಪ, ಕಾಫಿ ಕುಡಿ", "ಮಕ್ಕಳಿಗೆ ಏನಾದ್ರು ತಗೊಂಡು ಹೋಗಮ್ಮ". ಮಾತೇ ರಸೀದಿ. ಅಮೆರಿಕದಲ್ಲಿ ರೂಮ್ ಅಟೆಂಡೆಂಟ್‌ಗೆ ದಿನಕ್ಕೆ 1ರಿಂದ 5 ಡಾಲರ್ ಕೋಣೆಯಲ್ಲೇ ಇಟ್ಟು ಹೋಗುವ ರೂಢಿ ಇದೆ, ಕೊಡುವವರು ಪಡೆಯುವವರು ಪರಸ್ಪರ ಮುಖ ನೋಡುವುದೇ ಇಲ್ಲ. ಅಲ್ಲೂ ಗೊಂದಲ ಇಲ್ಲದೆ ಇಲ್ಲ. 2014ರಲ್ಲಿ ಮ್ಯಾರಿಯಟ್ ಸಂಸ್ಥೆ ಅಮೆರಿಕ ಮತ್ತು ಕೆನಡಾದ ಸುಮಾರು 1,60,000 ಕೋಣೆಗಳಲ್ಲಿ ಟಿಪ್ಸಿಗೆಂದೇ ಲಕೋಟೆ ಇಡಿಸಿತು. ಸಂಬಳ ಸರಿಯಾಗಿ ಕೊಡುವ ಬದಲು ಅತಿಥಿಯ ಮುಂದೆ ಕೈ ಚಾಚಿಸುತ್ತಾರೆ ಎಂಬ ಟೀಕೆಯೂ ಬಂತು. ಟೀಕೆಯಲ್ಲಿ ಹುರುಳಿದೆ, ಆದರೆ ಲಕೋಟೆ ಒಂದು ಕೆಲಸ ಮಾಡುತ್ತದೆ: ಮಾತಿನ ಜಾಗದಲ್ಲಿ ತಾನು ನಿಲ್ಲುತ್ತದೆ.

214ರಲ್ಲಿ ಲಕೋಟೆಯೂ ಇರಲಿಲ್ಲ, ಮಾತೂ ಇರಲಿಲ್ಲ. ಹಾಗಾಗಿ ಪ್ರಕರಣದ ನಂತರ ಹೋಟೆಲಿನಲ್ಲಿ ಬರೆದ ಮೊದಲ ನಿಯಮ: ಅತಿಥಿ ಮುಂದುವರಿಯುವ ಕೋಣೆಯಲ್ಲಿ ಬಿಡಿ ದುಡ್ಡು ಎಷ್ಟೇ ಇರಲಿ, ಎಲ್ಲೇ ಇರಲಿ, ಟಿಪ್ಸ್ ಅಲ್ಲ. ಮುಟ್ಟದೆ ಅದರ ಸುತ್ತ ಒರೆಸಬೇಕು. ಹಾಸಿಗೆಯ ಮೇಲೇ ಬಿದ್ದಿದ್ದರೆ ಸೂಪರ್‌ವೈಸರನ್ನು ಕರೆಯಬೇಕು. ಅವರು ಬರದಿದ್ದರೆ ಹಾಸಿಗೆಯನ್ನು ಹಾಗೇ ಬಿಟ್ಟು "ನಿಮ್ಮ ಹಣ ಇಲ್ಲಿ ಇದ್ದುದರಿಂದ ಹಾಸಿಗೆ ಮುಟ್ಟಿಲ್ಲ, 9 ಒತ್ತಿ ಕರೆಯಿರಿ" ಎಂಬ ಚೀಟಿ ಇಟ್ಟು ಬರುವುದು. ಖಾಲಿಯಾದ ಕೋಣೆಯಲ್ಲಾದರೆ, ರಿಸೆಪ್ಷನ್ನಿನಿಂದ ಚೆಕ್‌ಔಟ್ ಆಗಿದೆ ಎಂಬ ಮಾತು ಬಂದ ಮೇಲೆ, 500ರವರೆಗೆ ಟಿಪ್ಸ್ ಎಂದು ಸ್ಲಿಪ್ಪಿನಲ್ಲಿ ಬರೆದು ಸೂಪರ್‌ವೈಸರ್ ಸಹಿ ಪಡೆದು ಇಟ್ಟುಕೊಳ್ಳಬಹುದು. ಅದಕ್ಕಿಂತ ಹೆಚ್ಚಿನದು, ಬಟ್ಟೆಯಲ್ಲಿ ಕಟ್ಟಿದ್ದು, ಅರಿಶಿನ ಕುಂಕುಮ ತಾಗಿದ್ದು, ಒಂದು ರೂಪಾಯಿ ಸೇರಿಸಿದ್ದು, ಇವೆಲ್ಲ ಲಾಸ್ಟ್ ಅಂಡ್ ಫೌಂಡಿಗೆ. ಈ ಕೊನೆಯ ಸಾಲು ಬೇರೆ ದೇಶದ ಹೌಸ್‌ಕೀಪಿಂಗ್ ಕೈಪಿಡಿಯಲ್ಲಿ ಸಿಗಲಾರದು.

ಬೆಳಿಗ್ಗೆ ಕೆಲಸಕ್ಕೆ ಬರುವಾಗ ಜೇಬಿನಲ್ಲಿರುವ ದುಡ್ಡನ್ನು ಗೇಟಿನ ಪುಸ್ತಕದಲ್ಲಿ ಬರೆಸುವ ಕ್ರಮ ಹಲವು ಹೋಟೆಲುಗಳಲ್ಲಿದೆ. ಹುಡುಗರಿಗೆ ಅದು ಅವಮಾನ ಅನ್ನಿಸುತ್ತದೆ. ಆದರೆ ಟಿಪ್ಸ್ ಸ್ಲಿಪ್ಪಿನ ಜೊತೆ ಓದಿದರೆ ಸಂಜೆ ಜೇಬಿನಲ್ಲಿರುವ ಪ್ರತಿ ನೋಟಿಗೂ ಅದು ಉತ್ತರ ಕೊಡುತ್ತದೆ, ಕಾಯುವುದು ಅವರನ್ನೇ.

ಮಾಲೀಕರು ಇನ್ನೊಂದು ಉಪಾಯ ಮುಂದಿಟ್ಟರು: ಬಿಲ್ಲಿನಲ್ಲೇ ದಿನಕ್ಕೆ 50 ರೂಪಾಯಿ ಹೌಸ್‌ಕೀಪಿಂಗ್ ಶುಲ್ಕ ಹಾಕಿದರೆ ಈ ರಗಳೆಯೇ ಇರದಲ್ಲ? ಅದು ಆಗದು. ಹೋಟೆಲು, ರೆಸ್ಟೋರೆಂಟುಗಳು ಸೇವಾ ಶುಲ್ಕವನ್ನು ತಾವಾಗಿ ಬಿಲ್ಲಿಗೆ ಸೇರಿಸಕೂಡದು, ಬೇರೆ ಹೆಸರಿನಲ್ಲೂ ಕೂಡದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಮಾರ್ಗಸೂಚಿ ಹೊರಡಿಸಿತು. ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿಯಿತು. ಅತಿಥಿ ತಾನಾಗಿ ಕಾರ್ಡಿನಲ್ಲಿ ಕೊಟ್ಟದ್ದನ್ನು ಹೋಟೆಲು ಸಂಗ್ರಹಿಸಿ ಹಂಚುವುದು ಬೇರೆ ಮಾತು; ಹಾಗೆ ಹಂಚಿದ ಟಿಪ್ಸ್ ಸಂಬಳವಲ್ಲ, ಹೋಟೆಲು ಅದರ ಮೇಲೆ ಸಂಬಳದಂತೆ ತೆರಿಗೆ ಹಿಡಿಯಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2016ರಲ್ಲಿ ಐಟಿಸಿ ಕಂಪನಿಯ ಪ್ರಕರಣದಲ್ಲಿ ಹೇಳಿದೆ. ಕೋಣೆಯಲ್ಲಿ ಯುಪಿಐ ಕ್ಯೂಆರ್ ಇಡುವುದಾದರೆ ಅಟೆಂಡೆಂಟ್‌ನ ಸ್ವಂತ ಕ್ಯೂಆರ್ ಇಡಬಾರದು. ಅವನ ಫೋನ್ ನಂಬರು ಅತಿಥಿಗೆ ಹೋಗುತ್ತದೆ, ಕೋಣೆಗಳಿಗಾಗಿ ಸಿಬ್ಬಂದಿ ನಡುವೆ ಜಗಳ ಶುರುವಾಗುತ್ತದೆ.

ಕೊಡುವವರಿಗೂ ಒಂದೆರಡು ಮಾತು. ಇಂಥ ಹೋಟೆಲಿನಲ್ಲಿ ರಾತ್ರಿಗೆ 50ರಿಂದ 100 ರೂಪಾಯಿ ಸಾಕು, ಕೊಡಲೇಬೇಕೆಂದಿಲ್ಲ. ಕೊನೆಯ ದಿನ ಒಟ್ಟಿಗೆ ಕೊಟ್ಟರೆ ಅದು ಬ್ಯಾಗು ಎತ್ತಿದವನ ಕೈಗೆ ಹೋಗುತ್ತದೆ, ಬಾತ್‌ರೂಮು ತೊಳೆದವಳು ಆ ದಿನ ವಾರದ ರಜೆಯಲ್ಲಿರುತ್ತಾಳೆ. ಅವತ್ತಿನದು ಅವತ್ತೇ ಕೊಡುವುದು ವಾಸಿ. ಇಟ್ಟು ಹೋಗುವುದಾದರೆ ಒಂದು ಚೀಟಿಯಲ್ಲಿ "ರೂಮ್ ಕ್ಲೀನ್ ಮಾಡಿದವರಿಗೆ" ಎಂದು ಬರೆದು ತಾರೀಖು ಹಾಕಿ. ನಿಮ್ಮ ದುಡ್ಡನ್ನು ಸೇಫಿನಲ್ಲಿ ಇಡಿ. ಐದು ನಿಮಿಷಕ್ಕೆ ಹೊರಗೆ ಹೋಗುವಾಗಲೂ. "ಹೋಗೋವಾಗ ನೋಡ್ಕೋತೀವಿ" ಎಂಬ ಮಾತನ್ನು ಮಾತ್ರ ಆಡಬೇಡಿ. ಆಡಿದವರಿಗೆ ಮರೆತುಹೋಗುತ್ತದೆ, ಕೇಳಿದವನು ಮರೆಯುವುದಿಲ್ಲ.

ಕೊನೆಯ ದಿನ

ಕುಟುಂಬ ಮರುದಿನ ಬೆಟ್ಟಕ್ಕೆ ಹೋಗಿ ಬಂದು ಮಧ್ಯಾಹ್ನ ಚೆಕ್‌ಔಟ್ ಮಾಡಿತು. ಹುಡುಗನನ್ನು ಆ ದಿನ ಮೂರನೇ ಮಹಡಿಗೆ ಹಾಕಿದ್ದರು; ದೂರು ಬಂದ ಕೋಣೆಗೆ ಅದೇ ಅಟೆಂಡೆಂಟ್‌ನನ್ನು ಮತ್ತೆ ಕಳಿಸುವುದಿಲ್ಲ. 214 ಮಾಡಿದ್ದು ದಸರಾಕ್ಕೆಂದು ದಿನಗೂಲಿಗೆ ಬಂದಿದ್ದ ಹೆಂಗಸು. ನೋಟ್‌ಪ್ಯಾಡಿನ ಹಾಳೆಯಲ್ಲಿ ಸುತ್ತಿದ್ದ ದುಡ್ಡು ಅವಳಿಗೆ ಸಿಕ್ಕಿತು. ಮೊಮ್ಮಗನ ಅಕ್ಷರದಲ್ಲಿ "ರೂಮ್ ಅಣ್ಣನಿಗೆ, ಅಜ್ಜಿ ಕೊಟ್ಟಿದ್ದು" ಎಂದಿತ್ತು. ಒಳಗೆ 101 ರೂಪಾಯಿ.

ಹಿಂದಿನ ಸಂಜೆಯಷ್ಟೇ ಬರೆದ ನಿಯಮದ ಪ್ರಕಾರ ಒಂದು ರೂಪಾಯಿ ಸೇರಿಸಿದ್ದು ಲಾಸ್ಟ್ ಅಂಡ್ ಫೌಂಡಿಗೆ ಹೋಗಬೇಕು. ಅವಳು ಹಾಗೆಯೇ ತಂದೊಪ್ಪಿಸಿದಳು. ಮೇಲ್ವಿಚಾರಕಿ ನಿಯಮದ ಹಾಳೆಯಲ್ಲಿ "ಚೀಟಿ ಇಲ್ಲದಿದ್ದರೆ" ಎಂಬ ಎರಡು ಪದ ಸೇರಿಸಿದರು. ಟಿಪ್ಸ್ ಸ್ಲಿಪ್ಪಿನಲ್ಲಿ 101 ಎಂದು ಬರೆದು ಹುಡುಗನ ಸಹಿ ಹಾಕಿಸಿದರು. ಅವಳು ಮಾಡಿದ ಆ ದಿನದ ಕೋಣೆಗೆ ಟಿಪ್ಸ್ ಕಾಲಂನಲ್ಲಿ ಏನೂ ಬರಲಿಲ್ಲ.